ಸಲ್ಫೈಡ್ ಆನೋಡ್: ಉಬ್ಬಲಿ, ಉದುರದಿರಲಿ

ಚಿತ್ರದುರ್ಗದ ಹತ್ತಿರದ ಇಂಗಳದಾಳು ತಾಮ್ರದ ಗಣಿ ಗೊತ್ತಲ್ವಾ? ಅಲ್ಲಿನ ಅದಿರಿನಲ್ಲಿ ಪೈರೈಟ್ ಕೂಡ ಇದೆ. ಹಿತ್ತಾಳೆ ಬಣ್ಣ, ಥಳಥಳ ಹೊಳಪು. ಚಿನ್ನ ಅಂತ ಯಾರಾದರೂ ಏಮಾರಬಹುದು. ಕಬ್ಬಿಣ, ಗಂಧಕ ಸೇರಿ ಆದ ಇದು ಒಂದು ಮೆಟಲ್ ಸಲ್ಫೈಡ್. ಇಂಥ ವಸ್ತುವನ್ನು ಶುದ್ಧವಾಗಿ ತಯಾರಿಸಿ ಸೋಡಿಯಂ-ಅಯಾನ್ ಬ್ಯಾಟರಿಯ ಆನೋಡ್‌ಗೆ, ಅಂದರೆ ಚಾರ್ಜ್ ಮಾಡುವಾಗ ಸೋಡಿಯಂ ಹೋಗಿ ಸೇರುವ ಕಡೆಗೆ ಬಳಸಿದರೆ ಅದೇ ಸಲ್ಫೈಡ್ ಆನೋಡ್.

ಲಿಥಿಯಂ ಬ್ಯಾಟರಿಯಲ್ಲಿ ಆ ಜಾಗದಲ್ಲಿ ಗ್ರಾಫೈಟ್ ಇರುತ್ತದೆ. ಸೋಡಿಯಂಗೆ ಗ್ರಾಫೈಟ್ ಒಗ್ಗುವುದಿಲ್ಲ. ಹಾಗಾಗಿ ಹಾರ್ಡ್ ಕಾರ್ಬನ್, ಅಂದರೆ ಪದರಗಳು ಅಡ್ಡಾದಿಡ್ಡಿಯಾಗಿರುವ ಇಂಗಾಲ, ಬಳಸುತ್ತಾರೆ. ಅದರ ಸಾಮರ್ಥ್ಯ, ಅಂದರೆ ಹಿಡಿಯುವ ಚಾರ್ಜ್, ಗ್ರಾಂಗೆ ಸುಮಾರು 300 ಮಿಲಿಆಂಪ್-ಅವರ್. ಲೆಕ್ಕದ ಪ್ರಕಾರ ಇನ್ನೊಂದು ಸಲ್ಫೈಡ್ ಆದ ಮಾಲಿಬ್ಡಿನಮ್ ಡೈಸಲ್ಫೈಡ್‌ಗೆ 670, ಪೈರೈಟ್‌ಗೆ 894! ಆಸೆ ಹುಟ್ಟದೇ ಇರುತ್ತಾ?

ಕಷ್ಟ ಇರುವುದೂ ಅಲ್ಲೇ. ಒಂದು ಪಾಲು ಪೈರೈಟ್ ನಾಲ್ಕು ಸೋಡಿಯಂ ಹಿಡಿದುಕೊಂಡಾಗ ಪೈರೈಟ್ ಆಗಿ ಉಳಿಯುವುದಿಲ್ಲ. ಕಬ್ಬಿಣ ಬೇರೆ, ಸೋಡಿಯಂ ಸಲ್ಫೈಡ್ ಬೇರೆ ಆಗುತ್ತದೆ. ಗಾತ್ರ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಒಮ್ಮೆ ಉಬ್ಬಿದರೆ ಕೆಲಸ ಮುಗೀತು. ಇದು ಹಾಗಲ್ಲ, ಚಾರ್ಜ್ ಆದಾಗಲೆಲ್ಲ ಉಬ್ಬಬೇಕು, ಖಾಲಿಯಾದಾಗಲೆಲ್ಲ ಕುಗ್ಗಬೇಕು. ಹೀಗೆ ಮಾಡುತ್ತಾ ಕಣಗಳು ಬಿರುಕು ಬಿಡುತ್ತವೆ, ಪುಡಿಯಾಗಿ, ತಮಗೆ ಕರೆಂಟ್ ಮುಟ್ಟಿಸುವ ಲೋಹದ ಹಾಳೆಯಿಂದ ಉದುರುತ್ತವೆ. ಉದುರಿದ ಪುಡಿಗೆ ಕರೆಂಟ್ ತಲುಪುವುದಿಲ್ಲ, ಅದು ಸುಮ್ನೆ ಭಾರ. ಜೊತೆಗೆ ಗಂಧಕದ ಕೆಲವು ಸಂಯುಕ್ತಗಳು ಬ್ಯಾಟರಿಯೊಳಗೆ ಸೋಡಿಯಂ ಓಡಾಡುವ ದ್ರವದಲ್ಲಿ ಕರಗಿ ಹೋಗುತ್ತವೆ.

ಡಿಸೈನ್ ಅಂದರೆ ಬಹುಪಾಲು ಈ ಉಬ್ಬುವಿಕೆಗೆ ಜಾಗ ಮಾಡಿಕೊಡುವುದು. ಕಣವನ್ನು ನ್ಯಾನೋ ಗಾತ್ರಕ್ಕೆ ಇಳಿಸುತ್ತಾರೆ. ಮೇಲೆ ಇಂಗಾಲದ ತೆಳು ಪದರ ಹಚ್ಚುತ್ತಾರೆ, ಅದರಿಂದ ಕರೆಂಟ್ ಹರಿಯುವುದೂ ಸಲೀಸು. ಪದರಕ್ಕೂ ಕಣಕ್ಕೂ ನಡುವೆ ಬೇಕಂತಲೇ ಟೊಳ್ಳು ಬಿಡುವುದೂ ಉಂಟು. ಆದರೆ ಟೊಳ್ಳು ಜಾಸ್ತಿಯಾದಷ್ಟೂ ಅದೇ ಜಾಗದಲ್ಲಿ ತುಂಬುವ ವಸ್ತು ಕಡಿಮೆ. ಇದನ್ನು ಹೇಳದೆ ಬರೀ ಗ್ರಾಂ ಲೆಕ್ಕ ತೋರಿಸುವವರ ಮೇಲೆ ನನಗೆ ಸ್ವಲ್ಪ ಅನುಮಾನ.

ನನಗೆ ಹಿಡಿಸಿದ್ದು ಬೇರೆ ದಾರಿ. 2015ರಲ್ಲಿ ಚೀನಾದ ನನ್ಕೈ ವಿಶ್ವವಿದ್ಯಾಲಯದವರು ಸೋಡಿಯಂ ತುಂಬಿದಷ್ಟೂ ಇಳಿಯುವ ಪೈರೈಟ್‌ನ ವೋಲ್ಟೇಜ್ 0.8 ವೋಲ್ಟ್‌ಗಿಂತ ಕೆಳಗೆ ಹೋಗಲು ಬಿಡಲಿಲ್ಲ. ದ್ರವವನ್ನೂ ಈಥರ್ ಜಾತಿಯದಕ್ಕೆ ಬದಲಿಸಿದರು. ಸೋಡಿಯಂ ಕಡಿಮೆ ಹಿಡಿಯಿತು ನಿಜ, ಆದರೆ ವಸ್ತು ಪೂರ್ತಿ ಒಡೆಯಲಿಲ್ಲ. 20,000 ಸಲ ಚಾರ್ಜ್ ಮಾಡಿದ ಮೇಲೂ ಸಾಮರ್ಥ್ಯದ ಸುಮಾರು 90% ಉಳಿದಿತ್ತು.

ಇನ್ನೊಂದು ತೊಡಕಿದೆ. ಸಲ್ಫೈಡ್ ಆನೋಡ್‌ನ ವೋಲ್ಟೇಜ್ ಹಾರ್ಡ್ ಕಾರ್ಬನ್‌ಗಿಂತ ಜಾಸ್ತಿ. ಆನೋಡ್ ವೋಲ್ಟೇಜ್ ಏರಿದಷ್ಟೂ ಇಡೀ ಸೆಲ್ಲಿನ ವೋಲ್ಟೇಜ್ ಇಳಿಯುತ್ತದೆ. ಹಾಗಾಗಿ 894 ಅನ್ನೋ ಅಂಕಿಯ ಲಾಭ ಪೂರ್ತಿ ಕೈಗೆ ಸಿಗುವುದಿಲ್ಲ.