ಪಲ್ಪಿಂಗ್ ನೀರು ಹುಳಿಯುವ ಮೊದಲು

ಡಿಸೆಂಬರ್‌ನಲ್ಲಿ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಪಲ್ಪರ್ ಮನೆಯ ಪಕ್ಕ ಹಾದುಹೋದರೆ ಅರ್ಧ ಹೆಂಡ, ಅರ್ಧ ವಿನೆಗರ್ ಎನ್ನುವಂಥ ವಾಸನೆ ಬರುತ್ತದೆ. ಮೂಗು ಸುಳ್ಳು ಹೇಳುತ್ತಿಲ್ಲ. ಹಣ್ಣಿನ ಮೇಲೆ ಸಹಜವಾಗಿಯೇ ಇರುವ ಯೀಸ್ಟ್, ಕಾಫಿ ಲೋಳೆಯ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಹಿಂದೆಯೇ ಬರುವ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತದೆ. ಬಿಯರ್ ಕಾರ್ಖಾನೆ ಸಾಕಿಕೊಳ್ಳುವ ಯೀಸ್ಟಿನ ನೆಂಟರೇ ಇಲ್ಲಿ ಕರೆಯದೆ ಬಂದಿರುತ್ತಾರೆ. ಒಂದೆರಡು ದಿನದಲ್ಲಿ ಕೊಳೆನೀರಿನ ಗುಂಡಿಯ ಪಿಎಚ್, ಅಂದರೆ ಹುಳಿಯ ಅಳತೆ, 4ರ ಆಸುಪಾಸಿಗೆ ಇಳಿಯುತ್ತದೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಕೊಳೆಯನ್ನು ಗ್ಯಾಸ್ ಮಾಡಬಲ್ಲ ಮೀಥೇನ್ ಜೀವಿಗಳಿಗೆ ಬೇಕಾದದ್ದು 6.5ರಿಂದ 7.5. ಎಲ್ಲ ತೊಂದರೆಯ ಬೇರು ಈ ಅಂತರದಲ್ಲೇ ಇದೆ.

ದಿನಕ್ಕೆ 5 ಟನ್ ಹಣ್ಣು ಪಲ್ಪ್ ಮಾಡುವ ತೋಟವೊಂದನ್ನು ತೆಗೆದುಕೊಳ್ಳಿ. ನೀರನ್ನು ತಿರುಗಿಸಿ ಬಳಸಿ ಕೆಜಿ ಹಣ್ಣಿಗೆ 1 ಲೀಟರಿಗೆ ಇಳಿಸಿದರೂ 5,000 ಲೀಟರ್ ಕೊಳೆನೀರು. ಸಿಒಡಿ ಎಂದರೆ ನೀರಿನಲ್ಲಿರುವ ಕೊಳೆ ಪೂರ್ತಿ ಉರಿಯಲು ಬೇಕಾದ ಆಮ್ಲಜನಕ. ಅದು ಲೀಟರಿಗೆ 15 ಗ್ರಾಂ ಎಂದು ಹಿಡಿದರೆ ದಿನಕ್ಕೆ 75 ಕೆಜಿ. ಹೇಮಾವತಿಯ ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರುವ ಆಮ್ಲಜನಕ 8 ಮಿಲಿಗ್ರಾಂ ಚಿಲ್ಲರೆ. ಒಂದು ಬಕೆಟ್ ಪಲ್ಪಿಂಗ್ ನೀರು ಹಳ್ಳ ಸೇರಿದರೆ ಎಷ್ಟು ಮೀನು ಉಸಿರುಗಟ್ಟೀತು ಎಂಬ ಲೆಕ್ಕ ಓದುಗರಿಗೇ ಬಿಟ್ಟದ್ದು. ಜನವರಿ, ಫೆಬ್ರವರಿಯಲ್ಲಿ ಹಳ್ಳಗಳೂ ಬಡಕಲಾಗಿರುತ್ತವೆ.

ಮೊದಲ ಕೆಲಸ ಸಿಪ್ಪೆಯನ್ನು ನೀರಿನಿಂದ ದೂರ ಇಡುವುದು. ನೆನೆದಷ್ಟೂ ಅದರಿಂದ ಸಕ್ಕರೆ ಇಳಿಯುತ್ತದೆ. ಜಾಲರಿಯಲ್ಲಿ ಸೋಸಿ ನೇರ ಗೊಬ್ಬರದ ಗುಂಡಿಗೆ ಹಾಕಬೇಕು. ಹುಳಿಯಾದ ನೀರಿನಲ್ಲಿ ಲೋಳೆಯ ಪೆಕ್ಟಿನ್ ಎಂಬ ಅಂಟು ಹೆಪ್ಪುಗಟ್ಟಿ ದಪ್ಪ ಕೆನೆಯಂತೆ ತೇಲುತ್ತದೆ. ಅದನ್ನು ಬಾಚಿ ತೆಗೆಯದಿದ್ದರೆ ಪೈಪು ಕಟ್ಟಿಕೊಳ್ಳುವುದು ಖಂಡಿತ.

ಆಮೇಲೆ ಸುಣ್ಣ. ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ, ದಿನದಿನಕ್ಕೆ ಹುಳಿ ಬೇರೆ. 10 ಲೀಟರ್ ಕೊಳೆನೀರಿನ ಬಕೆಟ್‌ಗೆ ಸಲಕ್ಕೆ 5 ಗ್ರಾಂನಂತೆ ಅರಳಿದ ಸುಣ್ಣ ಹಾಕಿ, ಕದಡಿ, ಕಾಲು ಗಂಟೆ ಬಿಟ್ಟು ಪಿಎಚ್ ಕಾಗದ ಅದ್ದಿ ನೋಡಿ. ಒಟ್ಟು 15 ಗ್ರಾಂಗೆ 7 ಮುಟ್ಟಿದರೆ 5,000 ಲೀಟರಿಗೆ ಏಳೂವರೆ ಕೆಜಿ ಬೇಕು. ಸುಣ್ಣವನ್ನು ಡ್ರಮ್‌ನಲ್ಲಿ ಕಲಸಿ ಬಿಡಬೇಕು. ಪುಡಿ ಎರಚಿದರೆ ತಳದಲ್ಲಿ ಗಾರೆಯಾಗಿ ಕೂರುತ್ತದೆ, ನೀರು ಹುಳಿಯಾಗಿಯೇ ಉಳಿಯುತ್ತದೆ. ಪಿಎಚ್ 9 ದಾಟಿಸುವುದೂ ತಪ್ಪೇ, ಮೀಥೇನ್ ಜೀವಿಗಳಿಗೆ ಅದೂ ಆಗದು.

ಹುಳಿ ಇಳಿದ ನೀರು ಹೋಗುವುದು ಮೀಥೇನ್ ಜೀವಿಗಳಿರುವ ಮುಚ್ಚಿದ ಗ್ಯಾಸ್ ತೊಟ್ಟಿಗೆ. ಅದು ಸುಮಾರು 50 ಘನ ಮೀಟರ್ ಇದ್ದರೆ ನೀರು ಹತ್ತು ದಿನ ಒಳಗಿರುತ್ತದೆ. ಪಲ್ಪಿಂಗ್ ಶುರುವಾಗುವ ತಿಂಗಳ ಮೊದಲೇ ಅದಕ್ಕೆ ಸಗಣಿ ಬಗ್ಗಡ ತುಂಬಿ ಹದ ಮಾಡಿಕೊಳ್ಳಬೇಕು. ಕಾಫಿ ನೀರಿನಲ್ಲಿ ಸಕ್ಕರೆಗೆ ಹೋಲಿಸಿದರೆ ಸಾರಜನಕ ಕಡಿಮೆ, ಸಗಣಿ ಅದನ್ನೂ ಸರಿದೂಗಿಸುತ್ತದೆ. ಮೊದಲ ವಾರ ಪೂರ್ಣ ಪ್ರಮಾಣದ ಐದನೇ ಒಂದು ಪಾಲು ಮಾತ್ರ ಬಿಡಿ. ಇಲ್ಲಿ ಆತುರಪಟ್ಟರೆ ಹುಳಿ ಮಾಡುವ ಬ್ಯಾಕ್ಟೀರಿಯಾ ಓಡುತ್ತದೆ, ಮೀಥೇನ್ ಜೀವಿ ಹಿಂದೆ ಬೀಳುತ್ತದೆ. ಗ್ಯಾಸ್ ಬರುತ್ತಿದ್ದರೂ ಕಡ್ಡಿ ಗೀರಿದಾಗ ಹತ್ತದಿದ್ದರೆ ಅದರಲ್ಲಿ ಹೆಚ್ಚಿನದು ಕಾರ್ಬನ್ ಡೈಆಕ್ಸೈಡ್ ಎಂದು ತಿಳಿಯಿರಿ. ಎರಡು ಮೂರು ದಿನ ನೀರು ಬಿಡುವುದನ್ನು ನಿಲ್ಲಿಸಿ, ಪಿಎಚ್ ನೋಡಿ, ಮತ್ತೆ ಸ್ವಲ್ಪ ಸ್ವಲ್ಪವಾಗಿ ಶುರುಮಾಡಿ. ಮಲೆನಾಡಿನ ಡಿಸೆಂಬರ್ ರಾತ್ರಿಯ ಚಳಿಗೂ ಈ ಜೀವಿಗಳು ಮಂಕಾಗುತ್ತವೆ. ತೊಟ್ಟಿಯನ್ನು ನೆಲದೊಳಗೆ, ಬಿಸಿಲು ಬೀಳುವ ಕಡೆ ಕಟ್ಟುವುದು ಅದಕ್ಕೇ.

ಎಲ್ಲ ಸರಿಯಾದರೆ ಲಾಭವೂ ಉಂಟು. ಒಂದು ಕೆಜಿ ಸಿಒಡಿಗೆ ಲೆಕ್ಕದ ಪ್ರಕಾರ 0.35 ಘನ ಮೀಟರ್ ಮೀಥೇನ್. ನೂರಕ್ಕೆ 80 ಭಾಗ ದಕ್ಕಿದರೂ ದಿನಕ್ಕೆ 21 ಘನ ಮೀಟರ್, ಅಂದರೆ ಒಂದು ಮನೆಬಳಕೆ ಸಿಲಿಂಡರ್‌ನ ಶಾಖಕ್ಕಿಂತ ತುಸು ಹೆಚ್ಚೇ. ಹೊರಬಂದ ನೀರು ಕಂದಾಗಿಯೇ ಇರುತ್ತದೆ; ಗಾಳಿಯಾಡುವ ಹೊಂಡದಲ್ಲಿ ಕೆಲದಿನ ನಿಲ್ಲಿಸಿ, ಬೇರೆ ನೀರು ಬೆರೆಸಿ ತೋಟಕ್ಕೆ ಬಿಡಬಹುದು, ಹಳ್ಳಕ್ಕಲ್ಲ. ತೊಟ್ಟಿಯೊಳಗೆ ಇಳಿಯುವ ಸಾಹಸ ಮಾತ್ರ ಬೇಡ. ಅಲ್ಲಿನ ಗಾಳಿ ಎರಡೇ ಉಸಿರಿಗೆ ಮನುಷ್ಯನನ್ನು ಕೆಡವಬಲ್ಲದು.

ರೋಬಸ್ಟಾ ಕುಯ್ಲು ಮುಗಿದ ಮೇಲೆ ಎಂಟು ತಿಂಗಳು ತೊಟ್ಟಿಗೆ ಊಟವಿಲ್ಲ. ತೊಳೆದು ಬರಿದು ಮಾಡಿಟ್ಟವರು ನವೆಂಬರ್‌ನಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ವಾರಕ್ಕೆ ಒಂದೆರಡು ಬುಟ್ಟಿ ಸಗಣಿ ಕಲಸಿ ಹಾಕುತ್ತಿದ್ದರೆ ಒಳಗಿನ ಜೀವ ಉಳಿದಿರುತ್ತದೆ.