ಲೆಕ್ಕ ಅಳಿಸಿಹೋಗಿಲ್ಲ, ಆ ಟಿಕ್ ತೆಗೆಯಿರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಕಾಸರಗೋಡಿನ ಕುಂಬಳೆ, ಪೆರ್ಲ, ಮುಳ್ಳೇರಿಯದ ಅಂಗಡಿಗಳಿಗೂ ಹೊಸ ಕಂಪ್ಯೂಟರ್ ಬಂತು, ಲೆಕ್ಕದ ಸಾಫ್ಟ್‌ವೇರ್ ಮಾತ್ರ ಹಳೆಯದೇ. ಅದು ಎಲ್ಲಿಯಾದರೂ ತಡವರಿಸಿದರೆ ಯಾರಾದರೊಬ್ಬರು ಬಂದು ಅದರ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ (ಹೊಂದಾಣಿಕೆ) ಪುಟದಲ್ಲಿ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದರಲ್ಲೂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ (ಪೂರ್ತಿ ಅಧಿಕಾರ ಕೊಟ್ಟು ಓಡಿಸು) ಎಂಬುದಕ್ಕೆ.

ಬದಿಯಡ್ಕದ ಅಡಿಕೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅಕ್ಕ ಅಳುವುದೊಂದೇ ಬಾಕಿ. “ಅಣ್ಣಾ, ವಿಷು ಕಳೆದ ಮೇಲಿನದ್ದು ಒಂದೂ ಇಲ್ಲ.” ಕಂಪ್ಯೂಟರ್ ಬದಲಿಸಿದ್ದೂ ವಿಷು ಹಬ್ಬಕ್ಕೇ. ನನಗೆ ಅಷ್ಟು ಸುಳಿವು ಸಾಕಾಯಿತು.

ಹಲವು ಹಳೆಯ ಸಾಫ್ಟ್‌ವೇರ್‌ಗಳು ಲೆಕ್ಕವನ್ನು, ಸಾಫ್ಟ್‌ವೇರ್‌ಗಳೆಲ್ಲ ಕೂರುವ ಪ್ರೋಗ್ರಾಂ ಫೈಲ್ಸ್‌ನೊಳಗೆ, ತಮ್ಮದೇ ಫೋಲ್ಡರಿನಲ್ಲಿ ಬರೆಯುತ್ತವೆ. ವಿಸ್ಟಾ ಎಂಬ ಹಳೆಯ ಆವೃತ್ತಿಯಿಂದೀಚೆಗೆ ವಿಂಡೋಸ್ ಅದಕ್ಕೆ ಅನುಮತಿ ಕೊಡುವುದಿಲ್ಲ. ಆದರೆ ಬೇಡವೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ: ಬಳಕೆದಾರರ ಹೆಸರಿನ ಫೋಲ್ಡರಿನಲ್ಲಿ ಆಪ್‌ಡೇಟಾ, ಅದರಲ್ಲಿ ಲೋಕಲ್, ಅದರೊಳಗಿನ ವರ್ಚುವಲ್‌ಸ್ಟೋರ್‌ನಲ್ಲಿ ಒಂದು ಪ್ರತಿ ಮಾಡಿ ಅಲ್ಲಿ ಬರೆಸುತ್ತದೆ. ಸಾಫ್ಟ್‌ವೇರ್‌ಗೆ ಇದರ ಸುದ್ದಿಯೇ ಇಲ್ಲ. ಅಡ್ಮಿನಿಸ್ಟ್ರೇಟರ್ ಟಿಕ್ ಬಿದ್ದ ಕೂಡಲೇ ಈ ತಿರುವು ನಿಲ್ಲುತ್ತದೆ, ಮೂಲ ಫೋಲ್ಡರಿನ ಹಳೆಯ ಲೆಕ್ಕ ತೆರೆದುಕೊಳ್ಳುತ್ತದೆ. ಏನೂ ಅಳಿದಿಲ್ಲ. ಲೆಕ್ಕಪುಸ್ತಕ ಎರಡಾಗಿದೆ, ನೀವು ಹಳೆಯದನ್ನು ಬಿಡಿಸಿ ಕುಳಿತಿದ್ದೀರಿ, ಅಷ್ಟೇ.

ಆ ಹೊತ್ತಿಗೆ ಹೊಸ ಎಂಟ್ರಿ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆ ಅಕ್ಕ ರಶೀದಿಗಳನ್ನು ಎದುರಿಟ್ಟುಕೊಂಡು ವಿಷುವಿನಿಂದಲೇ ಮತ್ತೆ ಟೈಪ್ ಮಾಡಲು ತೊಡಗಿದ್ದರು, ಪಾಪ. ಅಷ್ಟರಲ್ಲಿ ಆ ದಿನಗಳ ಹೊಸ ವ್ಯಾಪಾರವೂ ಅದರೊಳಗೆ ಸೇರಿತ್ತು. ಎರಡು ಪುಸ್ತಕದಲ್ಲೂ ಬೇರೆ ಬೇರೆ ನಿಜ ಇದ್ದರೆ ಒಂದು ಮಾಡುವ ಗುಂಡಿ ವಿಂಡೋಸ್‌ನಲ್ಲಿಲ್ಲ. ಕೈಯಲ್ಲೇ ತಾಳೆ ನೋಡಬೇಕಾಯಿತು.

ಪ್ರೋಗ್ರಾಂ ಫೈಲ್ಸ್‌ನಲ್ಲಿರುವುದು, ವರ್ಚುವಲ್‌ಸ್ಟೋರ್‌ನಲ್ಲಿರುವುದು, ಎರಡೂ ಫೋಲ್ಡರುಗಳನ್ನು ಮೊದಲು ಬೇರೆ ಬೇರೆಯಾಗಿ ಪೆನ್‌ಡ್ರೈವ್‌ಗೆ ಇಳಿಸಿ. ಪ್ರೋಗ್ರಾಂ ಫೈಲ್ಸ್ ಒಂದನ್ನೇ ಬ್ಯಾಕಪ್ ಮಾಡುತ್ತಿದ್ದವರು ಇಷ್ಟು ದಿನ ಹಳೆಯ ಲೆಕ್ಕವನ್ನೇ ಕಾಪಾಡಿಕೊಂಡು ಬಂದಿರಬಹುದು. ಆಪ್‌ಡೇಟಾ ಅಡಗಿರುವ ಫೋಲ್ಡರ್, ‘ಹಿಡನ್ ಐಟಮ್ಸ್’ ಆನ್ ಮಾಡಿದರೆ ಕಾಣುತ್ತದೆ. ಆಮೇಲೆ ಟಿಕ್ ತೆಗೆದು ತೆರೆಯಿರಿ, ಸಾಮಾನ್ಯವಾಗಿ ಲೆಕ್ಕ ಅಲ್ಲೇ ಇರುತ್ತದೆ. ಸಾಫ್ಟ್‌ವೇರನ್ನು ಪ್ರೋಗ್ರಾಂ ಫೈಲ್ಸ್‌ನ ಹೊರಗೆ, ಸಿ ಡ್ರೈವ್‌ನಲ್ಲೇ ಬೇರೊಂದು ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿದರೆ ಈ ತೊಂದರೆ ಹೆಚ್ಚಾಗಿ ತಪ್ಪುತ್ತದೆ. ಎಲ್ಲ ಸಾಫ್ಟ್‌ವೇರ್‌ಗಳೂ ಇದಕ್ಕೆ ಒಗ್ಗುವುದಿಲ್ಲ, ಮಾಡಿಕೊಟ್ಟವರು ಸಿಕ್ಕಿದರೆ ಕೇಳಿಯೇ ಮಾಡಿ.

ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ 16 ಬಿಟ್ ಸಾಫ್ಟ್‌ವೇರ್‌ಗಳ ಮಾತು ಬೇರೆ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅಲ್ಲಿ ಯಾವ ಟಿಕ್ ಹಾಕಿದರೂ ಅವು ನೇರವಾಗಿ ಓಡುವುದಿಲ್ಲ. ಅಂಥದ್ದಿದ್ದರೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಒಮ್ಮೆ ತೋರಿಸಿ.