ಜಾಮ್‌ನಲ್ಲಿ ಅಡಾಪ್ಟಿವ್ ಕ್ರೂಸ್ ಆನ್ ಮಾಡಬಹುದಾ?

ಪ್ರಶ್ನೆ: ಕಾರಿನಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ, ಅಂದರೆ ರೇಡಾರ್ ಅಥವಾ ಕ್ಯಾಮೆರಾದಿಂದ ಮುಂದಿನ ಗಾಡಿಯನ್ನು ನೋಡಿ, ಅಂತರ ಕಾಯ್ದುಕೊಂಡು ತಾನೇ ವೇಗ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ. ಹೈವೇಯಲ್ಲಿ ಆರಾಮಾಗಿ ಬಳಸುತ್ತೇನೆ. ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲೂ ಬಳಸಬಹುದಾ?

ಉತ್ತರ: ಬಳಸಬಹುದು, ಆದರೆ ನಿಮ್ಮ ಕಾರಿನಲ್ಲಿ 'ಸ್ಟಾಪ್ ಅಂಡ್ ಗೋ' (ಪೂರ್ತಿ ನಿಂತು ಮತ್ತೆ ಹೊರಡುವ ಸೌಲಭ್ಯ) ಇದ್ದರೆ ಮಾತ್ರ. ಕೆಲವು ಕಾರುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ವೇಗ ಸುಮಾರು 30 ಕಿ.ಮೀ.ಗಿಂತ ಕೆಳಗಿಳಿದರೆ ಕ್ರೂಸ್ ಒಂದು ಸದ್ದು ಮಾಡಿ ಕೈಬಿಡುತ್ತದೆ. ಆಮೇಲೆ ಬ್ರೇಕ್ ನಿಮ್ಮದೇ. ಮ್ಯಾನುವಲ್ ಗೇರಿನ ಕಾರುಗಳದ್ದೂ ಸಾಮಾನ್ಯವಾಗಿ ಇದೇ ಕಥೆ. ಕ್ಲಚ್ ಒತ್ತೋರು ಯಾರು, ಅಲ್ವಾ? ಪೂರ್ತಿ ನಿಲ್ಲುವವರೆಗೂ ಕೆಲಸ ಮಾಡುವ ವ್ಯವಸ್ಥೆ 2005ರಲ್ಲೇ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಬಂದಿತ್ತು. ಆದರೆ ಇಂದಿಗೂ ಎಲ್ಲ ಕಾರುಗಳಲ್ಲಿ ಇಲ್ಲ. ಕಾರಿನ ಜೊತೆ ಬಂದ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿಬಿಡಿ.

ಕಾರು ನಿಲ್ಲುವುದರಲ್ಲಿ ತೊಂದರೆ ಕಡಿಮೆ. ಹುಷಾರಾಗಿರಬೇಕಾದದ್ದು ಅದು ಮತ್ತೆ ಹೊರಡುವಾಗ. ಎರಡು ಮೂರು ಸೆಕೆಂಡಿನೊಳಗೆ ಮುಂದಿನ ಗಾಡಿ ಕದಲಿದರೆ ಅನೇಕ ಕಾರುಗಳು ತಾವಾಗಿಯೇ ಹೊರಡುತ್ತವೆ. ಅದಕ್ಕಿಂತ ಜಾಸ್ತಿ ಹೊತ್ತಾದರೆ ರೆಸ್ಯೂಮ್ ಬಟನ್ ಒತ್ತಬೇಕು, ಇಲ್ಲವೇ ಆಕ್ಸಿಲರೇಟರ್ ಮೆಲ್ಲಗೆ ತಟ್ಟಬೇಕು. ಇದು ಕಿರಿಕಿರಿ ಅನ್ನಿಸಬಹುದು, ಆದರೆ ಬೇಕಾದ ಕಿರಿಕಿರಿ. ನಿಂತ ಗಾಡಿಗಳ ನಡುವೆ ಜನ ನುಸುಳಿ ರಸ್ತೆ ದಾಟುತ್ತಾರೆ. ಬಟನ್ ಒತ್ತುವ ಮುಂಚೆ ಕಣ್ಣು ಸ್ಕ್ರೀನ್ ಮೇಲಲ್ಲ, ಬಾನೆಟ್ ಮುಂದೆ ಇರಲಿ.

ಇನ್ನೊಂದು ಸಂದರ್ಭ ನಿಜಕ್ಕೂ ಅಪಾಯದ್ದು. ನೀವು ವೇಗವನ್ನು 80ಕ್ಕೆ ಸೆಟ್ ಮಾಡಿದ್ದೀರಿ, ಜಾಮ್‌ನಲ್ಲಿ 20ರಲ್ಲಿ ತೆವಳುತ್ತಿದ್ದೀರಿ. ಮುಂದಿನ ಕಾರು ತಟ್ಟನೆ ಪಕ್ಕದ ಲೇನಿಗೆ ಸರಿಯಿತು. ದಾರಿ ಖಾಲಿ ಅಂದುಕೊಂಡು ನಿಮ್ಮ ಕಾರು 80ರತ್ತ ಓಡಲು ಹೊರಡುತ್ತದೆ. ಆದರೆ ಸ್ವಲ್ಪ ಮುಂದೆ ಲಾರಿಯೊಂದು ಕೆಟ್ಟು ನಿಂತಿದ್ದರೆ? ರೇಡಾರ್‌ಗೆ ರಸ್ತೆ ಬದಿಯ ಕಂಬ, ಬೋರ್ಡು, ಸೇತುವೆ ಎಲ್ಲವೂ ನಿಂತ ವಸ್ತುಗಳೇ. ಅವಕ್ಕೆಲ್ಲ ಬ್ರೇಕ್ ಹಾಕುತ್ತಾ ಹೋದರೆ ಕಾರು ಓಡಿಸೋಕೇ ಆಗಲ್ಲ. ಹಾಗಾಗಿ ಎಷ್ಟೋ ಕಾರುಗಳು ಮೊದಲಿನಿಂದಲೇ ನಿಂತಿರುವ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲವೇ ತಡವಾಗಿ ತೆಗೆದುಕೊಳ್ಳುತ್ತವೆ. ಜಾಮ್ ಶುರುವಾದ ಕೂಡಲೇ ಸೆಟ್ ವೇಗವನ್ನು 30-40ಕ್ಕೆ ಇಳಿಸಿಬಿಡಿ. ಮುಂದಿನ ಗಾಡಿ ಸರಿದರೂ ನಿಮ್ಮದು ಆ ಸೆಟ್ ವೇಗಕ್ಕಿಂತ ಜೋರಾಗಿ ಹೋಗುವುದಿಲ್ಲ. ಬಲಗಾಲು ಬ್ರೇಕ್ ಹತ್ತಿರವೇ ಇರಲಿ.

ಅಂತರದ ಸೆಟ್ಟಿಂಗ್ ಬಗ್ಗೆಯೂ ಕೇಳುವವರಿದ್ದಾರೆ. ತೀರಾ ಜಾಸ್ತಿ ಇಟ್ಟರೆ ಆ ಜಾಗಕ್ಕೆ ಯಾರಾದರೂ ನುಗ್ಗುತ್ತಲೇ ಇರುತ್ತಾರೆ, ನಿಮ್ಮ ಕಾರು ಪ್ರತಿ ಸಲ ಬ್ರೇಕ್ ಹಾಕಿ ಹಿಂದೆ ಬೀಳುತ್ತದೆ. ತೀರಾ ಕಡಿಮೆ ಇಟ್ಟರೆ ಬ್ರೇಕ್ ಒರಟಾಗುತ್ತದೆ. ನಾನಾದರೆ ನಡುವಿನದ್ದನ್ನು ಇಡುತ್ತೇನೆ.

ಗಾಡಿಗಳು ಲೇನ್ ಬಿಡದೆ ಸಾಲಾಗಿ ಸಾಗುವ ಕಡೆ ಇದು ಒಳ್ಳೆಯ ಸಂಗಾತಿ, ಕಾಲಿಗೆ ನಿಜವಾಗಿಯೂ ವಿಶ್ರಾಂತಿ. ಬೈಕುಗಳು ಎಡಬಲದಿಂದ ತೂರಿಬರುವಲ್ಲಿ, ಸಿಗ್ನಲ್ ಇರುವ ಸರ್ಕಲ್‌ಗಳಲ್ಲಿ, ಕಡಿದಾದ ತಿರುವುಗಳಲ್ಲಿ ಆಫ್ ಮಾಡಿ. ಕೆಂಪು ದೀಪ ನೋಡಿ ತಾನಾಗಿ ನಿಲ್ಲುವುದು ಸಾಮಾನ್ಯ ಅಡಾಪ್ಟಿವ್ ಕ್ರೂಸ್‌ನ ಕೆಲಸವಲ್ಲ. ಜೋರು ಮಳೆಯಲ್ಲಿ, ಇಲ್ಲವೇ ರೇಡಾರ್ ಇರುವ ಜಾಗಕ್ಕೆ ಕೆಸರು ಮೆತ್ತಿಕೊಂಡರೆ, ಅದು ಕೈಕೊಡಬಹುದು. ಬಂಪರ್ ಒರೆಸುವಾಗ ಗಾಜಿನ ಹಿಂದಿನ ಕ್ಯಾಮೆರಾ ಮುಂದಿನ ಜಾಗವನ್ನೂ ಒರೆಸಿಬಿಡಿ.